ಕಡಲ್ಗಾಲುವೆಯ ನಡುವೆ ಮಗ್ಗಿ

ಫ್ರಾನ್ಸಿನ ನೆಲದ ಮೇಲೆ ನಾನು ಇದ್ದದ್ದು ಏಳೇ ನಿಮಿಷ. ಅಲ್ಲಿಗೆ ತಲುಪಲು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ 16 ಗಂಟೆ 5 ನಿಮಿಷ ಈಜಿದೆ, ಅದಕ್ಕೆ ಮೊದಲು ಎರಡು ವರ್ಷ ತಯಾರಾದೆ. ಆ ದಡದ ಮರಳು ಈಗಾಗಲೇ ನೆನಪಿನಲ್ಲಿ ಮಸುಕಾಗುತ್ತಿದೆ. ಹನ್ನೊಂದನೆಯ ಗಂಟೆಯಲ್ಲಿ ದೋಣಿಯ ಅಂಚಿಗೆ ಬಾಗಿ ನಿಂತಿದ್ದ ಅಕ್ಕನ ಮುಖ ಮಾತ್ರ ಹಾಗೆಯೇ ಇದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ತಯಾರಿಯ ಬಗ್ಗೆ ಹೇಳುವುದಾದರೆ, ದೂರವನ್ನು ಅಭ್ಯಾಸದಿಂದ ಗೆಲ್ಲಬಹುದು. ವಾರಕ್ಕೆ 30 ಕಿ.ಮೀ. ಈಜುತ್ತ ಹೋದರೆ ಭುಜಗಳು ತಾವಾಗಿಯೇ ಕಲಿಯುತ್ತವೆ. ಚಳಿಯನ್ನು ಒಲಿಸಿಕೊಳ್ಳುವುದೇ ಕಷ್ಟ. ಈ ಕಾಲುವೆಯ ಭಾಗವಾದ ಡೋವರ್ ಜಲಸಂಧಿ ಅತಿ ಕಿರಿದಾದ ಕಡೆ ಸುಮಾರು 33 ಕಿ.ಮೀ. ಇದೆ, ಬೇಸಿಗೆಯ ಕೊನೆಯಲ್ಲೂ ಅಲ್ಲಿನ ನೀರು 16ರಿಂದ 18 ಡಿಗ್ರಿ. ದೇಹವನ್ನು ಬೆಚ್ಚಗಿಡುವ ಅಥವಾ ತೇಲಿಸುವ ಉಡುಪು ತೊಡುವಂತಿಲ್ಲ. ಒಂದು ಸಾಮಾನ್ಯ ಈಜುಡುಗೆ, ಒಂದು ಟೋಪಿ, ಒಂದು ಈಜು ಕನ್ನಡಕ, ಅಷ್ಟೇ. ಹೊರಡುವ ಮುನ್ನ 16 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ನೀರಿನಲ್ಲಿ ಆರು ಗಂಟೆ ಈಜಿ ಅರ್ಹತೆ ತೋರಿಸಬೇಕು. ನಾನು ಎಂಟು ಕಿಲೊ ತೂಕ ಏರಿಸಿಕೊಂಡೆ, ಒಂದು ವರ್ಷ ಬಿಸಿನೀರಿನ ಸ್ನಾನ ಬಿಟ್ಟೆ. ಹೀಗಿದ್ದೂ ಜೂನ್‌ನಲ್ಲಿ ಇಂಗ್ಲೆಂಡ್ ಬದಿಯ ಡೋವರ್ ಬಂದರಿನ ಒಳಗಿನ ನೀರಿಗೆ ಮೊದಲ ಸಲ ಇಳಿದಾಗ ಇಪ್ಪತ್ತೈದೇ ನಿಮಿಷಕ್ಕೆ ಹೊರಬಂದೆ. ನೀರು 14 ಡಿಗ್ರಿ ಇತ್ತು. ಕೈಗೆ ಕೊಟ್ಟ ಲೋಟವನ್ನು ತುಟಿಯವರೆಗೆ ಒಯ್ಯಲಾಗದೆ ಅರ್ಧ ಚೆಲ್ಲಿದೆ.

ಡೋವರ್‌ಗೆ ಬಂದವರೆಲ್ಲ ಕೋಟೆ ಹತ್ತುತ್ತಾರೆ. ನಾನೂ ಹತ್ತಿದೆ, ನನಗೆ ಅದು ಹಿಡಿಸಲಿಲ್ಲ. ನನ್ನ ಪಾಲಿಗೆ ಆ ಊರೆಂದರೆ ಬಂದರಿನ ಉರುಟು ಕಲ್ಲುಗಳ ದಂಡೆ. ವಾರಾಂತ್ಯಗಳಲ್ಲಿ ಅಲ್ಲಿ ಸ್ವಯಂಸೇವಕರು ಬೆಳಗಿನಿಂದ ನಿಂತಿರುತ್ತಾರೆ. ಗುರುತು ಪರಿಚಯವಿಲ್ಲದ ಈಜುಗಾರರಿಗೆ ಬೆನ್ನಿಗೆ ಜಿಡ್ಡು ಹಚ್ಚುತ್ತಾರೆ, ಬೆಚ್ಚಗಿನ ಪಾನೀಯ ಕಲಸಿ ಕೊಡುತ್ತಾರೆ, ಯಾರು ಎಷ್ಟು ಹೊತ್ತು ನೀರಿನಲ್ಲಿದ್ದಾರೆ ಎಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಹತ್ತೊಂಬತ್ತನೆಯ ದಿನ ನಾನು ಆರು ಗಂಟೆ ಮುಗಿಸಿದಾಗ ಅವರಲ್ಲೊಬ್ಬ ಅಜ್ಜಿ ತಮ್ಮ ಕೋಟನ್ನೇ ಬಿಚ್ಚಿ ನನಗೆ ಹೊದಿಸಿದರು. ಅವರ ಹೆಸರು ಕೇಳುವುದಕ್ಕೂ ನನ್ನ ನಾಲಿಗೆ ಹೊರಳಲಿಲ್ಲ.

ಸಮುದ್ರದ ಪಕ್ಕದ ರಸ್ತೆಯಲ್ಲಿ ಮ್ಯಾಥ್ಯೂ ವೆಬ್ ಅವರ ಎದೆಮಟ್ಟದ ಪ್ರತಿಮೆಯಿದೆ. 1875ರ ಆಗಸ್ಟ್‌ನಲ್ಲಿ 21 ಗಂಟೆ 45 ನಿಮಿಷ ಈಜಿ ಈ ಕಾಲುವೆಯನ್ನು ಮೊದಲು ದಾಟಿದವರು ಅವರು. ಫ್ರಾನ್ಸ್ ಕಣ್ಣೆದುರೇ ಇದ್ದರೂ ಗ್ರಿ ನೆ ಭೂಶಿರದ ಬಳಿಯ ಸೆಳೆತ ಅವರನ್ನು ಗಂಟೆಗಟ್ಟಲೆ ದಡಕ್ಕೆ ಬಿಡಲಿಲ್ಲ. ನನಗೆ ಅವರಿಗಿಂತ ಹತ್ತಿರವಾಗಿ ಕಂಡವರು ಆರತಿ ಸಾಹಾ. 1959ರ ಆಗಸ್ಟ್‌ನಲ್ಲಿ ದಡ ಸಮೀಪಿಸಿದ ಮೇಲೂ ಕೈಬಿಡಬೇಕಾಗಿ ಬಂದು, ಒಂದೇ ತಿಂಗಳಿಗೆ ಮತ್ತೆ ಅದೇ ನೀರಿಗೆ ಇಳಿದು, ಸೆಪ್ಟೆಂಬರ್ 29ರಂದು 16 ಗಂಟೆ 20 ನಿಮಿಷಕ್ಕೆ ದಾಟಿದರು. ಈ ಕಾಲುವೆಯನ್ನು ಈಜಿದ ಏಷ್ಯಾದ ಮೊದಲ ಮಹಿಳೆ. ಆ ಒಂದು ತಿಂಗಳನ್ನು ಅವರು ಹೇಗೆ ಕಳೆದಿರಬಹುದು ಎಂದು ಬಂದರಿನಲ್ಲಿ ಈಜುವಾಗ ಎಷ್ಟೋ ಸಲ ಯೋಚಿಸಿದ್ದೇನೆ.

ಆಗಸ್ಟ್ ಕೊನೆಯಲ್ಲಿ ಅಕ್ಕನೊಂದಿಗೆ ಮತ್ತೆ ಡೋವರ್‌ಗೆ ಬಂದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತದ ಸೆಳೆತ ಜೋರು, ಅಷ್ಟಮಿ ಕಳೆದ ದಿನಗಳಲ್ಲಿ ಸಾಧು. ನನಗೆ ಸಿಕ್ಕಿದ್ದು ಅಂಥ ಸಾಧು ವಾರ. ಆದರೆ ನೈಋತ್ಯದ ಗಾಳಿ ಆರು ದಿನ ಬಿಡಲಿಲ್ಲ. ಆ ಆರು ದಿನಗಳ ಬಗ್ಗೆ ಹೇಳಲು ಏನೂ ಇಲ್ಲ. ಏಳನೆಯ ಸಂಜೆ, ಈಜುವಾಗ ಜೊತೆಗೆ ಬರುವ ದೋಣಿಯ ಪೈಲಟ್ ಫೋನ್ ಮಾಡಿ, ನಡುರಾತ್ರಿ ಒಂದೂವರೆಗೆ ಬನ್ನಿ ಎಂದರು.

ಕತ್ತಲಲ್ಲಿ ಶೇಕ್ಸ್‌ಪಿಯರ್ ಬೀಚ್‌ನ ಎದುರು ದೋಣಿ ನಿಂತಿತು. ದೋಣಿಯಿಂದ ದಡಕ್ಕೆ ಈಜಿ, ನೀರಿನಿಂದ ಪೂರ್ತಿ ಹೊರಗೆ ನಿಂತು, ಸೈರನ್ ಕೇಳಿದ ಮೇಲೆ ಇಳಿಯಬೇಕು. 2.50ಕ್ಕೆ ಇಳಿದೆ. ಇಳಿದ ಐದೇ ನಿಮಿಷಕ್ಕೆ ನನ್ನ ತಪ್ಪು ಗೊತ್ತಾಯಿತು. ಕಂಕುಳು, ಕುತ್ತಿಗೆಗೆ ಲ್ಯಾನೊಲಿನ್ ಎಂಬ ಉಣ್ಣೆಯ ಜಿಡ್ಡು ಹಚ್ಚಿಕೊಂಡ ಬೆರಳುಗಳಿಂದಲೇ ಈಜು ಕನ್ನಡಕ ಸರಿಪಡಿಸಿಕೊಂಡಿದ್ದೆ. ಆ ಜಿಡ್ಡು ಉಪ್ಪುನೀರಿಗೆ ಹೋಗುವುದಿಲ್ಲ. ದೋಣಿಯ ದೀಪ ನೆನೆದ ಹತ್ತಿಯ ಉಂಡೆಯಂತೆ ಕಾಣುತ್ತಿತ್ತು. ಎರಡನೆಯ ಕನ್ನಡಕವನ್ನು ಚೀಲದ ತಳದಲ್ಲಿ, ಎಲ್ಲ ಬಟ್ಟೆಗಳ ಕೆಳಗೆ ಇಟ್ಟಿದ್ದೆ. ವಾಂತಿ ಮಾಡಿಕೊಳ್ಳುತ್ತಿದ್ದ ಅಕ್ಕ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿತ್ತು. ಸೂರ್ಯ ಹುಟ್ಟುವುದನ್ನು ನೀರಿನಿಂದ ನೋಡಬೇಕೆಂದು ಎರಡು ವರ್ಷ ಕಾದಿದ್ದೆ. ನನಗೆ ದಕ್ಕಿದ್ದು ಒಂದು ಕೆಂಪು ಕಲೆ. ಈಗಲೂ ನೆನೆದರೆ ಸಂಕಟವಾಗುತ್ತದೆ. ಹೊರಡುವವರು ದಯವಿಟ್ಟು ಇದೊಂದನ್ನು ಕೇಳಿ: ಜಿಡ್ಡನ್ನು ಬೇರೆಯವರಿಂದ, ಅವರು ಕೈಗವಸು ತೊಟ್ಟ ಮೇಲೆ ಹಚ್ಚಿಸಿಕೊಳ್ಳಿ. ಎರಡನೆಯ ಕನ್ನಡಕ ದೋಣಿಯಲ್ಲಿರುವವರ ಜೇಬಿನಲ್ಲಿರಲಿ.

ಅಕ್ಕನಿಗೆ ಈಜು ಬರುವುದಿಲ್ಲ. ನೀರೆಂದರೆ ಮೊದಲಿನಿಂದಲೂ ಭಯ. ಆದರೂ ನನಗೆ ಆಹಾರ ಕೊಡುವ ಕೆಲಸ ಅವಳದೇ ಆಗಿತ್ತು. ಅರ್ಧ ಗಂಟೆಗೊಮ್ಮೆ, ಹಗ್ಗ ಕಟ್ಟಿದ ಬಾಟಲಿಯನ್ನು ನನ್ನತ್ತ ಎಸೆಯುತ್ತಿದ್ದಳು. ನಾನು ದೋಣಿಯನ್ನು ಮುಟ್ಟುವಂತಿಲ್ಲ, ದೋಣಿಯಲ್ಲಿರುವವರು ನನ್ನನ್ನು ಮುಟ್ಟುವಂತಿಲ್ಲ. ಬೆನ್ನ ಮೇಲೆ ಮಲಗಿ ಕುಡಿದು ಬಾಟಲಿ ಬಿಡುವುದು ಮುಕ್ಕಾಲು ನಿಮಿಷದ ಕೆಲಸ. ನಮ್ಮ ಮಾತುಕತೆಗೆ ಸಿಗುತ್ತಿದ್ದುದು ಅಷ್ಟೇ.

"ಅಕ್ಕಾ, ಎಷ್ಟು ಉಳಿಯಿತು?"

"ಮೊದಲು ಕುಡಿ."

ಎಷ್ಟು ಉಳಿದಿದೆ ಎಂದು ಹೇಳಬಾರದೆಂದು ಪೈಲಟ್ ಅವಳಿಗೆ ಹೇಳಿದ್ದರಂತೆ. ನಾನು ಕೇಳುತ್ತ ಹೋದೆ, ಅವಳು ಹೇಳದೆ ಹೋದಳು. ಹಗಲಾಯಿತು. ಇಂಗ್ಲೆಂಡ್ ಬದಿಯ ಹಡಗುದಾರಿ ದಾಟಿದೆವು. ಬಹುಮಹಡಿ ಕಟ್ಟಡಗಳಂಥ ಹಡಗುಗಳು ಹಾದುಹೋದ ಎಷ್ಟೋ ಹೊತ್ತಿನ ಮೇಲೆ ಅವುಗಳ ಅಲೆ ಬಂದು ನನ್ನನ್ನು ಎತ್ತಿ ಇಳಿಸುತ್ತಿತ್ತು. ಎರಡು ದಾರಿಗಳ ನಡುವಿನ ಖಾಲಿ ಪಟ್ಟಿಯಲ್ಲಿ ಜೆಲ್ಲಿಮೀನುಗಳು ಕಾದಿದ್ದವು. ತೋಳಿಗೆ, ತುಟಿಗೆ ಕುಟುಕಿಸಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ಹನ್ನೊಂದನೆಯ ಗಂಟೆ. ಚಳಿ ಚರ್ಮವನ್ನು ದಾಟಿ ಒಳಗೆ ಇಳಿದಿತ್ತು. ಪ್ರತಿ ದೋಣಿಯಲ್ಲೂ ಒಬ್ಬ ಅಧಿಕೃತ ವೀಕ್ಷಕರು ಇರುತ್ತಾರೆ. ಗಂಟೆಗೊಮ್ಮೆ ನೀರಿನ ಉಷ್ಣತೆ, ಗಾಳಿ, ಈಜುಗಾರ ನಿಮಿಷಕ್ಕೆ ಎಷ್ಟು ಸಲ ಕೈ ಬೀಸುತ್ತಿದ್ದಾನೆ ಎಂಬುದನ್ನು ದಾಖಲಿಸುತ್ತಾರೆ. ಬೆಳಗ್ಗೆ 62 ಇದ್ದ ನನ್ನ ಕೈಬೀಸು 52ಕ್ಕೆ ಇಳಿದಿತ್ತು. ಅವರು ಅಂಚಿಗೆ ಬಂದು ನನ್ನ ಹೆಸರು ಕೇಳಿದರು, ಇವತ್ತು ಯಾವ ವಾರ ಎಂದು ಕೇಳಿದರು, ಎಲ್ಲಿಂದ ಹೊರಟೆ ಎಂದು ಕೇಳಿದರು. ನಾನು ಮೂರಕ್ಕೂ ಉತ್ತರ ಕೊಟ್ಟೆ.

ಕೊಟ್ಟದ್ದು ಕನ್ನಡದಲ್ಲಿ. ನನಗದು ಗೊತ್ತಿರಲಿಲ್ಲ.

ಮೈಯ ಬಿಸಿ ಅಪಾಯದ ಮಟ್ಟಕ್ಕೆ ಇಳಿಯುತ್ತಿರುವವರ ಮಾತು ತೊದಲುತ್ತದೆ, ಅರ್ಥ ತಪ್ಪುತ್ತದೆ. ಹನ್ನೊಂದು ಗಂಟೆ ಉಪ್ಪುನೀರು ಕುಡಿದು ಊದಿಕೊಂಡ ನಾಲಿಗೆಯಿಂದ ಬಂದ ನನ್ನ ಕನ್ನಡ ಅವರ ಕಿವಿಗೆ ಹಾಗೆಯೇ ಕೇಳಿಸಿರಬೇಕು. (ಬಾಯಿ ಮುಕ್ಕಳಿಸುವ ಔಷಧಕ್ಕೆ ನೀರು ಬೆರೆಸಿ ಆಗಾಗ ಕೇಳಿ ಪಡೆಯಬೇಕಿತ್ತು. ದೋಣಿಯಲ್ಲಿತ್ತು, ನಾನು ಕೇಳಲಿಲ್ಲ.) ಅವರು ಪೈಲಟ್ ಕಡೆಗೆ ತಿರುಗಿದರು. ಇಂಜಿನ್ನಿನ ಸದ್ದು ಬದಲಾಯಿತು.

ಆಗ ಅಕ್ಕ ಅಡ್ಡ ಬಂದಳು. "ಅವಳು ನಮ್ಮ ಭಾಷೆಯಲ್ಲಿ ಮಾತನಾಡುತ್ತಿದ್ದಾಳೆ. ಮೂರು ಉತ್ತರಗಳೂ ಸರಿಯಾಗಿವೆ."

ವೀಕ್ಷಕರು ಅವಳನ್ನು ದಿಟ್ಟಿಸಿ ಹೇಳಿದ ಮಾತನ್ನು ಅಕ್ಕ ಆಮೇಲೆ ನನಗೆ ಹೇಳಿದಳು. "ಹಾಗಾದರೆ ನೀವೇ ಅವಳನ್ನು ಇನ್ನಷ್ಟು ಕೇಳಿ. ನೀವು ಅವಳ ಅಕ್ಕ, ಅವಳು ದಾಟಲಿ ಎಂಬ ಆಸೆ ನಿಮಗೆ ಇದ್ದೇ ಇರುತ್ತದೆ. ಆ ಆಸೆಯನ್ನು ಪಕ್ಕಕ್ಕಿಟ್ಟು ಉತ್ತರ ಹೇಳಿ."

ಅಕ್ಕ ಎರಡೂ ಕೈಗಳಿಂದ ಕಂಬಿ ಹಿಡಿದು, ಅಷ್ಟು ಭಯಪಡುವ ನೀರಿನ ಮೇಲೆ ಸೊಂಟದವರೆಗೆ ಬಾಗಿದಳು.

"ಹದಿಮೂರೇಳಲೆ?"

"ತೊಂಬತ್ತೊಂದು."

"ಹದಿನೇಳೆಂಟಲೆ?"

ಇದಕ್ಕೆ ಹೊತ್ತು ಹಿಡಿಯಿತು. ಹದಿನೇಳರ ಮಗ್ಗಿಯನ್ನು ಮೊದಲಿನಿಂದ ಹೇಳಿಕೊಂಡು ಬಂದೆ. ಅಲೆ ಬಾಯಿಗೆ ಹೊಡೆದಾಗ ಐದರಲ್ಲಿ ತಪ್ಪಿ ಮತ್ತೆ ಶುರುಮಾಡಿದೆ. "ನೂರ ಮೂವತ್ತಾರು."

ಅಕ್ಕ ಏನೂ ಹೇಳಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ಆ ಮೌನ ಎಷ್ಟು ಕ್ಷಣದ್ದೋ ತಿಳಿಯದು. ತಪ್ಪು ಹೇಳಿದೆ, ಎಲ್ಲ ಮುಗಿಯಿತು ಎಂದುಕೊಂಡೆ. ಆಮೇಲೆ ಅವಳು ವೀಕ್ಷಕರತ್ತ ತಿರುಗಿ ತಲೆಯಾಡಿಸಿದಳು.

"ಸಾಕು ಅಕ್ಕಾ, ಮೇಲೆ ಬರುತ್ತೇನೆ," ಎಂದೆ ನಾನು. ಬುದ್ಧಿ ಸರಿಯಿದೆ ಎಂದು ಸಾಬೀತಾದ ಮೇಲೆಯೇ ಹಾಗೆನ್ನುವ ಧೈರ್ಯ ಬಂದಿತ್ತು.

"ಇನ್ನೊಂದು ಸಲ ಕುಡಿಯುವವರೆಗೆ ಈಜು. ಆಗಲೂ ಸಾಕು ಅನ್ನಿಸಿದರೆ ಹೇಳು, ನಾನೇ ದೋಣಿ ನಿಲ್ಲಿಸಲು ಹೇಳುತ್ತೇನೆ."

ಅರ್ಧ ಗಂಟೆಯ ಮೇಲೆ ಅವಳು ಬಾಟಲಿ ಎಸೆದಳು. ನಾನು ಕುಡಿದೆ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಉಳಿದ ಗಂಟೆಗಳಲ್ಲಿ ಗ್ರಿ ನೆ ಭೂಶಿರದ ದೀಪಸ್ತಂಭ ಎದುರಿಗಿದ್ದದ್ದು ಬಲಕ್ಕೆ ಸರಿಯಿತು, ಆಮೇಲೆ ಬೆನ್ನ ಹಿಂದಕ್ಕೆ ಹೋಯಿತು. ಸೆಳೆತ ನನ್ನನ್ನು ಈಶಾನ್ಯಕ್ಕೆ ಒಯ್ಯುತ್ತಿತ್ತು. ಕೊನೆಗೆ ವಿಸ್ಸಾನ್ ಊರಿನ ಮರಳ ತೀರಕ್ಕೆ ಕೈ ತಾಗಿತು. 6.55. ಎದ್ದು ನಿಲ್ಲಲು ಹೋಗಿ ಎರಡು ಸಲ ಬಿದ್ದೆ. ನೀರು ಪಾದಕ್ಕೆ ತಾಗದಷ್ಟು ಮೇಲೆ ನಡೆದು ಕೈ ಎತ್ತಿದೆ. ದೂರದಲ್ಲಿ ಸೈರನ್ ಕೂಗಿತು. ನಾಯಿಯೊಂದಿಗೆ ತಿರುಗಾಡಲು ಬಂದಿದ್ದ ಮುದುಕರೊಬ್ಬರು ಟೋಪಿ ತೆಗೆದು ಫ್ರೆಂಚ್‌ನಲ್ಲಿ ಏನೋ ಅಂದರು. ನಾನು ಮರಳಿನಿಂದ ಒಂದು ಕಪ್ಪು ಕಲ್ಲು ಆರಿಸಿಕೊಂಡೆ. ಅಷ್ಟರಲ್ಲಿ ಕರೆದೊಯ್ಯಲು ರಬ್ಬರ್ ದೋಣಿ ಬಂತು.

ವಾಪಸಾತಿಗೆ ಮೂರು ಗಂಟೆ. ನೀರಿನಿಂದ ಹೊರಬಂದ ಮೇಲೆಯೇ ಮೈ ಇನ್ನಷ್ಟು ತಣ್ಣಗಾಗುತ್ತದೆ. ಮೂರು ಕಂಬಳಿಗಳೊಳಗೆ ನಡುಗುತ್ತಿದ್ದೆ. ಅಕ್ಕ ನನ್ನ ಪಾದಗಳನ್ನು ತನ್ನ ಮಡಿಲಿನಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಕಲ್ಲನ್ನು ಅವಳ ಕೈಗೆ ಕೊಟ್ಟು, ಆಗ ಯಾಕೆ ಅಷ್ಟು ಹೊತ್ತು ಸುಮ್ಮನೆ ನಿಂತೆ ಎಂದು ಕೇಳಿದೆ.

"ಹದಿನೇಳೆಂಟಲೆ ಎಷ್ಟು ಅಂತ ನನಗೇ ನೆನಪಿಗೆ ಬರಲಿಲ್ಲ," ಎಂದಳು. "ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದೆ. ನಿನ್ನ ಉತ್ತರ ತಪ್ಪಾಗಿದ್ದರೆ ಎತ್ತಿಬಿಡಿ ಅನ್ನಬೇಕು ಎಂದು ತೀರ್ಮಾನಿಸಿದ್ದೆ. ಅದಕ್ಕೇ ಎರಡು ಸಲ ಎಣಿಸಿದೆ."

ಡೋವರ್ ತಲುಪಿದ ಮೇಲೆ ವೀಕ್ಷಕರು ತಮ್ಮ ದಾಖಲೆ ಪುಸ್ತಕವನ್ನು ನಮಗೆ ತೋರಿಸಿದರು. ಹನ್ನೊಂದನೆಯ ಗಂಟೆಯ ಸಾಲಿನಲ್ಲಿ ಪೆನ್ಸಿಲ್ ಬರಹ ಒದ್ದೆಯಾಗಿ ಹರಡಿಕೊಂಡಿತ್ತು. ನೀರು 17 ಡಿಗ್ರಿ, ಕೈಬೀಸು 52, ಪ್ರಶ್ನೆಗಳಿಗೆ ಸರಿಯಾದ ಉತ್ತರ, ಅಕ್ಕ ಪರಿಶೀಲಿಸಿದ್ದಾರೆ.