ನರಮೀನು ತಿಂದವಳ ಊರಿಗೆ

ಬಸ್ಸಿನ ಹಣೆಯ ಮೇಲೆ ‘ಒಬಾಮಾ’ ಎಂದಿತ್ತು. ನಗು ತಡೆಯಲಾಗಲಿಲ್ಲ. ಜಪಾನಿಯಲ್ಲಿ ಅದಕ್ಕೆ ‘ಪುಟ್ಟ ಕಡಲತೀರ’ ಎಂದಷ್ಟೇ ಅರ್ಥ. ಆದರೂ 2008ರ ಅಮೆರಿಕದ ಚುನಾವಣೆಯಲ್ಲಿ ಈ ಊರಿನವರು ಹೆಸರಿನ ನಂಟು ಹಿಡಿದು ಬರಾಕ್ ಒಬಾಮಾ ಗೆಲ್ಲಲಿ ಎಂದು ಸಂಭ್ರಮಿಸಿದ್ದರು. ನಾನು ಹೊರಟಿದ್ದು ಬೇರೊಬ್ಬಳನ್ನು ಹುಡುಕಿಕೊಂಡು.

ಬೆಳಿಗ್ಗೆ ಕ್ಯೋಟೋದಲ್ಲಿ ಕೊಸೇ ಮಾರ್ಗದ ರೈಲು ಹತ್ತಿದ್ದೆ. ಬಲಗಡೆ ಬಿವಾ ಸರೋವರ. ಓಮಿ-ಇಮಾಜು ತನಕ ಮರೆಯಾಗುವುದು, ಮತ್ತೆ ಇಣುಕುವುದು. ಆಚೆ ದಡಕ್ಕೆ ಗಾಮೋ ಸೀಮೆ. ಕ್ರಿ.ಶ. 619ರಲ್ಲಿ ಅಲ್ಲಿಯ ಹೊಳೆಯಲ್ಲಿ ಮನುಷ್ಯನಂಥದ್ದೇನೋ ಕಾಣಿಸಿತೆಂದು ಜಪಾನಿನ ಪುರಾತನ ಇತಿಹಾಸಗ್ರಂಥ ‘ನಿಹೋನ್ ಶೋಕಿ’ಯಲ್ಲಿ ದಾಖಲಾಗಿದೆ. ಅದೇ ವರ್ಷ ಸೆತ್ಸು ಸೀಮೆಯ ಬೆಸ್ತನೊಬ್ಬನ ಬಲೆಗೆ ಮಗುವಿನಂಥ ಜೀವಿಯೊಂದು ಬಿತ್ತಂತೆ. ಅತ್ತ ಮೀನೂ ಅಲ್ಲ, ಇತ್ತ ಮನುಷ್ಯನೂ ಅಲ್ಲ. ಆಚೆ ದಡದ ಬೆಟ್ಟದ ಮೇಲಿನ ಕನ್ನೋನ್‌ಶೋಜಿ ದೇಗುಲದಲ್ಲಿ ಇಂಥದ್ದೊಂದರ ಒಣಗಿದ ದೇಹವನ್ನೇ ಇಟ್ಟಿದ್ದರು. 1993ರ ಬೆಂಕಿಯಲ್ಲಿ ಅದೂ ಸುಟ್ಟುಹೋಯಿತು.

ಜಪಾನಿಯಲ್ಲಿ ಇದಕ್ಕೆ ‘ನಿಂಗ್ಯೋ’ ಎನ್ನುತ್ತಾರೆ. ಮನುಷ್ಯ, ಮೀನು ಎಂಬ ಎರಡು ಅಕ್ಷರ, ಅಷ್ಟೇ. ನಾವು ಅದನ್ನು ‘ಮತ್ಸ್ಯಕನ್ಯೆ’ ಎಂದೊಡನೆ ಎಲ್ಲಿಂದಲೋ ನೀಳ ಕೂದಲು, ಚೆಲುವು ಬಂದು ಸೇರಿಕೊಳ್ಳುತ್ತವೆ. ಹಳೆಯ ನಿಂಗ್ಯೋಗೆ ಆ ಗೊಡವೆಯಿಲ್ಲ. 1805ರ ಒಂದು ಸುದ್ದಿಹಾಳೆಯಲ್ಲಿ ಅದಕ್ಕೆ ಹತ್ತು ಮೀಟರಿಗೂ ಮಿಕ್ಕಿದ ಮೈ, ತಲೆಯ ಮೇಲೆ ಕೊಂಬು. ಅದನ್ನು ಕೊಲ್ಲಲು 450 ಕೋವಿಗಳು ಬೇಕಾದವಂತೆ!

ಇಮಾಜುವಿನಿಂದ ಒಬಾಮಾಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಇದು ಹಳೆಯ ‘ಸಬಾ ಕೈದೋ’, ಅಂದರೆ ಬಂಗುಡೆ ದಾರಿ. ಒಬಾಮಾದ ಕಡಲಲ್ಲಿ ಹಿಡಿದ ಮೀನಿಗೆ ಉಪ್ಪು ಸವರಿ ಹೆಗಲ ಮೇಲೆ ಹೊತ್ತು, ಸುಮಾರು 70 ಕಿಲೋಮೀಟರ್ ನಡೆದು ಕ್ಯೋಟೋ ಮುಟ್ಟಿಸುತ್ತಿದ್ದರು. ತಲುಪುವಷ್ಟರಲ್ಲಿ ಉಪ್ಪು ಹದವಾಗಿ ಹಿಡಿದಿರುತ್ತಿತ್ತಂತೆ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನನಗೆ ಇಷ್ಟು ಸಾಕಿತ್ತು, ಊರಿನ ಮೇಲೆ ಪ್ರೀತಿ ಹುಟ್ಟಲು.

ಕತೆ ಹೀಗಿದೆ. ಈ ವಕಾಸಾ ಸೀಮೆಯ ಸಿರಿವಂತನೊಬ್ಬ ಔತಣಕ್ಕೆ ಹೋಗಿದ್ದ. ಅತಿಥಿಗಳಲ್ಲಿ ಒಬ್ಬ ಅಡುಗೆಮನೆಗೆ ಇಣುಕಿದರೆ, ಮಣೆಯ ಮೇಲಿದ್ದ ಮೀನಿಗೆ ಮನುಷ್ಯನ ಮುಖ! ಬಡಿಸಿದ್ದನ್ನು ಯಾರೂ ಮುಟ್ಟಲಿಲ್ಲ. ಮರ್ಯಾದೆಗೆ ಅಂಜಿ ಪೊಟ್ಟಣ ಕಟ್ಟಿಕೊಂಡು ಹೊರಟರು, ದಾರಿಯಲ್ಲಿ ಎಸೆದರು. ಈತ ಮಾತ್ರ ಎಸೆಯಲು ಮರೆತ. ಮನೆಯಲ್ಲಿ ಮಗಳು ಪೊಟ್ಟಣ ಬಿಚ್ಚಿ ತಿಂದುಬಿಟ್ಟಳು. ಆಮೇಲೆ ಅವಳಿಗೆ ವಯಸ್ಸೇ ಆಗಲಿಲ್ಲ. ಮದುವೆಯಾದಳು, ಗಂಡ ಮುದುಕನಾಗಿ ಸತ್ತ. ಮತ್ತೆ ಆದಳು, ಅವನೂ ಸತ್ತ. ಓರಗೆಯವರು ಹೋದರು, ಅವರ ಮೊಮ್ಮಕ್ಕಳೂ ಹೋದರು. ಇವಳು ಅದೇ ಹದಿಹರೆಯದ ಹುಡುಗಿ. ನೂರಿಪ್ಪತ್ತನೆಯ ವಯಸ್ಸಿಗೆ ತಲೆ ಬೋಳಿಸಿಕೊಂಡು ಊರೂರು ಅಲೆದಳು. ಹೋದಲ್ಲೆಲ್ಲ ಕ್ಯಾಮೆಲಿಯಾ ಗಿಡ ನೆಟ್ಟಳು. ಎಂಟುನೂರು ತುಂಬಿದಾಗ ಹುಟ್ಟೂರಿಗೆ ಮರಳಿ, ಗುಹೆಯೊಂದನ್ನು ಹೊಕ್ಕು ಅನ್ನ ನೀರು ಬಿಟ್ಟಳು.

ಅವಳ ಹೆಸರು ಯಾವೋ ಬಿಕುನಿ. ‘ಯಾವೋ’ ಎಂದರೆ ಎಂಟುನೂರು. ‘ಬಿಕುನಿ’ ಎಲ್ಲೋ ಕೇಳಿದಂತಿದೆಯಲ್ಲ ಎಂದು ಬಾಯಲ್ಲೇ ಹೊರಳಿಸುತ್ತಿದ್ದವನಿಗೆ ಥಟ್ಟನೆ ಹೊಳೆಯಿತು: ನಮ್ಮ ಭಿಕ್ಷುಣಿ! ಬೌದ್ಧರ ಜೊತೆ ಚೀನಾ ದಾಟಿ ಇಲ್ಲಿಗೆ ಬಂದಿದ್ದಾಳೆ. 1449ರಲ್ಲಿ ಇಂಥ ಮುದುಕಿಯೊಬ್ಬಳು ವಕಾಸಾದಿಂದ ಕ್ಯೋಟೋಗೆ ಬಂದಿದ್ದಳಂತೆ. ನೋಡಲು ಜನ ಮುಗಿಬಿದ್ದರೆಂದು ಆಗಿನ ಅಧಿಕಾರಿಯೊಬ್ಬನ ದಿನಚರಿಯಲ್ಲಿದೆ.

ಕಡಲದಂಡೆಯ ನಿಂಗ್ಯೋ ಪ್ರತಿಮೆಗಳನ್ನು ನೋಡಿ ಪೆಚ್ಚಾದೆ. ಅದೇ ಚೆಲುವೆಯರು, ಎಲ್ಲ ದೇಶದ ಕಡಲದಂಡೆಗೂ ಹೊಂದುವಂಥವರು. ಎರಡು ಫೋಟೋ ತೆಗೆದು ಮುಂದೆ ನಡೆದೆ.

ಕೂಯಿನ್-ಜಿ ದೇಗುಲ ಒಬಾಮಾವನ್ನು ಆಳಿದ ಸಕಾಯ್ ಮನೆತನದ್ದು. ಅದರ ಆವರಣದ ಅಂಚಿನಲ್ಲೇ ಆ ಗುಹೆ. ದೊಡ್ಡ ಗವಿಯನ್ನು ಎಣಿಸಿಕೊಂಡು ಹೋದವನಿಗೆ ಸಿಕ್ಕಿದ್ದು ಬಗ್ಗಿ ನೋಡಬೇಕಾದ ಕಲ್ಲಿನ ಬಾಯಿ. ಒಳಗೆ ಕತ್ತಲೆ, ತಣ್ಣನೆಯ ಮಣ್ಣಿನ ವಾಸನೆ. ‘ಶತಾಯುಷಿಯಾಗು’ ಎಂದು ಹರಸಿಸಿಕೊಂಡೇ ಬೆಳೆದವನು ನಾನು. ಅಶ್ವತ್ಥಾಮನಿಗೆ ಸಾವಿಲ್ಲದಿರುವುದೇ ಶಾಪವಾಯಿತೆಂದು ಓದಿದ್ದೆ. ಆದರೆ ಅವನು ಪಾಪ ಮಾಡಿದ್ದ. ಈ ಹುಡುಗಿ ಮಾಡಿದ್ದೇನು? ಹಸಿವಾಗಿತ್ತು, ತಿಂದಳು. ಸಾವಿರ ವರ್ಷದ ಆಯುಸ್ಸಿನಲ್ಲಿ ಉಳಿದ ಇನ್ನೂರನ್ನು ಈ ನಾಡಿನ ಒಡೆಯನಿಗೆ ಧಾರೆಯೆರೆದಳೆಂದೂ ಹೇಳುತ್ತಾರೆ. ಸಾಕಾಗಿತ್ತೇನೋ.

ಹೊಟ್ಟೆ ಚುರುಗುಟ್ಟುತ್ತಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಇಡೀ ಬಂಗುಡೆಗೆ ಬಿದಿರುಕಡ್ಡಿ ಚುಚ್ಚಿ ಸುಡುತ್ತಿದ್ದರು. ನಮ್ಮ ಬಂಗುಡೆಗಿಂತ ಉದ್ದ, ಬೆನ್ನ ಮೇಲೆ ಹಾವಿನಂಥ ಪಟ್ಟೆ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಾಗೆಲ್ಲ ಚುಂಯ್ ಎಂದು ಹೊಗೆ ಏಳುತ್ತಿತ್ತು. ಒಂದು ಕೊಡಿ ಎಂದೆ. ಅಂಗಡಿಯಾಕೆ ಮೀನನ್ನು ಹಾಳೆಯ ಮೇಲಿಟ್ಟು, ಪಕ್ಕಕ್ಕೆ ತುರಿದ ಶುಂಠಿ ಹಾಕಿ, ತಲೆ ತೆಗೆದುಬಿಡಲೇ ಎಂದು ಕೈಸನ್ನೆಯಲ್ಲಿ ಕೇಳಿದಳು.

ಬೇಡ, ಇರಲಿ ಎಂದೆ.