ತಾಮ್ರದ ಗಣಿಯಿಂದ ಡಬ್ಲಿನ್ನಿನ ಗ್ರಂಥಾಲಯಕ್ಕೆ

ಕೋಲಾರ ಚಿನ್ನದ ಗಣಿಯ ಕಡೆಯವರು ಐರ್ಲೆಂಡಿಗೆ ಹೋದರೆ ನೋಡದೆ ಮರಳಬಾರದ ಜಾಗವೊಂದಿದೆ. ಡಬ್ಲಿನ್ ಕೋಟೆಯ ಆವರಣದೊಳಗಿನ ಚೆಸ್ಟರ್ ಬೀಟಿ ಗ್ರಂಥಾಲಯ ಅದು. ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದು ನಿವೃತ್ತರಾಗಿ ರಾಬರ್ಟ್‌ಸನ್‌ಪೇಟೆಯಲ್ಲಿ ನೆಲೆಸಿರುವ ದೊಡ್ಡಪ್ಪನವರನ್ನು ನಾನು ಅಲ್ಲಿಗೆ ಕರೆದೊಯ್ದದ್ದು, ಅದನ್ನು ಕಟ್ಟಿದವರೂ ಗಣಿಯವರೇ ಎಂಬ ಕಾರಣಕ್ಕೆ. ಪ್ರವೇಶಕ್ಕೆ ಶುಲ್ಕವಿಲ್ಲ.

1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಆಲ್ಫ್ರೆಡ್ ಚೆಸ್ಟರ್ ಬೀಟಿ ಗಣಿ ಎಂಜಿನಿಯರಿಂಗ್ ಓದಿ, ಅಮೆರಿಕದ ಗಣಿಗಳಲ್ಲಿ ಕೆಲಸ ಕಲಿತು, ಮುಂದೆ ಲಂಡನ್ನಿನಲ್ಲಿ ಸೆಲೆಕ್ಷನ್ ಟ್ರಸ್ಟ್ ಎಂಬ ಕಂಪನಿ ಸ್ಥಾಪಿಸಿ, ಆಫ್ರಿಕಾದ ತಾಮ್ರದಿಂದ ಅಪಾರ ಸಂಪತ್ತು ಗಳಿಸಿದರು. ಗಣಿಯ ದೂಳು ಅವರಿಗೆ ಸಿಲಿಕೋಸಿಸ್ ರೋಗವನ್ನೂ ಅಂಟಿಸಿತ್ತು. ಇದನ್ನು ತಿಳಿಸಿದಾಗ ದೊಡ್ಡಪ್ಪನವರು, “ಮಾಲೀಕರಿಗೂ ಬಂದಿತ್ತೇನಪ್ಪಾ ಅದು?” ಎಂದು ಮತ್ತೆ ಮತ್ತೆ ಕೇಳಿದರು, ಅದೇ ಕಾಯಿಲೆಯಲ್ಲಿ ಕೆಮ್ಮಿ ಕೆಮ್ಮಿ ಸವೆದುಹೋದ ಗೆಳೆಯರನ್ನು ಕಂಡವರು ಅವರು. ಬೀಟಿಯವರಿಗಾದರೋ ಹವೆ ಬದಲಿಸಲು ಈಜಿಪ್ಟಿಗೆ ಹೋಗುವ ಅನುಕೂಲವಿತ್ತು. 1914ರಲ್ಲಿ ಕೈರೋ ಪೇಟೆಯಲ್ಲಿ ಕುರಾನಿನ ಹಸ್ತಪ್ರತಿಗಳನ್ನು ಕೊಂಡ ಮೇಲೆ ಪೂರ್ವದೇಶಗಳ ಗ್ರಂಥಗಳ ಮೇಲಿನ ಅವರ ಒಲವು ಗಟ್ಟಿಯಾಯಿತು.

ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಬೈಬಲಿನ ಸಂತ ಪೌಲನ ಪತ್ರಗಳಿರುವ, ಕ್ರಿ.ಶ. 200ರ ಸುಮಾರಿನ ಪಪೈರಸ್ ಹಾಳೆ. ಕಂದುಬಣ್ಣದ ಜೊಂಡಿನ ಎಳೆಗಳು ಅಡ್ಡಲಾಗಿಯೂ ಉದ್ದಕ್ಕೂ ಒಂದರ ಮೇಲೊಂದು ಅಂಟಿಕೊಂಡಿರುವುದು ಬರಿಗಣ್ಣಿಗೇ ಕಾಣುತ್ತದೆ. ಅವುಗಳ ಮೇಲೆ ಪದಗಳ ನಡುವೆ ತೆರಪಿಲ್ಲದೆ ಗ್ರೀಕ್ ಅಕ್ಷರಗಳು ಸಾಗುತ್ತವೆ, ಕೆಳತುದಿಯ ಸಾಲುಗಳು ಮಾತ್ರ ಹರಿದುಹೋಗಿವೆ. ಈ ಹಸ್ತಪ್ರತಿಯಲ್ಲಿ ಉಳಿದಿರುವ 86 ಹಾಳೆಗಳ ಪೈಕಿ 56 ಇಲ್ಲಿವೆ, 30 ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿವೆ. ಬಾಗ್ದಾದಿನ ಲಿಪಿಕಾರ ಇಬ್ನ್ ಅಲ್-ಬವ್ವಾಬ್ ಸಾವಿರ ವರ್ಷದ ಹಿಂದೆ ಬರೆದ ಕುರಾನ್, ಮೊಘಲ್ ದೊರೆಗಳ ಚಿತ್ರಸಂಪುಟಗಳು ಕೂಡ ಈ ಸಂಗ್ರಹಕ್ಕೆ ಸೇರಿವೆ.

ಇಷ್ಟೆಲ್ಲ ಕೊಂಡ ಹಣದ ಮೂಲವನ್ನೂ ಹೇಳಲೇಬೇಕು. ಬೀಟಿಯವರ ಕಂಪನಿ ಆರಂಭಿಸಿದ, ಇಂದಿನ ಜಾಂಬಿಯಾದಲ್ಲಿರುವ ರೋನ್ ಆಂಟಿಲೋಪ್ ಗಣಿಯಲ್ಲಿ 1935ರಲ್ಲಿ ಮುಷ್ಕರ ಹೂಡಿದ್ದ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿ ಆರು ಮಂದಿ ಸತ್ತರು. ಗಣಿ ಕಾರ್ಮಿಕರ ಮನೆಯಲ್ಲಿ ಬೆಳೆದ ನನಗೆ ಆ ಆರು ಜನರನ್ನು ಬಿಟ್ಟು ಈ ಹಾಳೆಗಳನ್ನು ಕೊಂಡಾಡಲು ಮನಸ್ಸು ಬಾರದು. ಆದರೂ 1950ರಲ್ಲಿ ಡಬ್ಲಿನ್ನಿಗೆ ಬಂದು ನೆಲೆಸಿ, ಅಲ್ಲಿ ಗ್ರಂಥಾಲಯ ಕಟ್ಟಿಸಿ, 1968ರಲ್ಲಿ ತೀರಿಕೊಂಡಾಗ ಇಡೀ ಸಂಗ್ರಹವನ್ನು ಸಾರ್ವಜನಿಕರಿಗಾಗಿ ಟ್ರಸ್ಟಿಗೆ ಬಿಟ್ಟುಹೋದ ಅವರ ನಿರ್ಧಾರ ದೊಡ್ಡದೇ.

ಊರಿಗೆ ಮರಳಿದ ಮೇಲೆ ದೊಡ್ಡಪ್ಪನವರು ಟ್ರಂಕು ತೆರೆದು, ಹಳೆಯ ಸಂಬಳದ ಚೀಟಿಗಳನ್ನೂ ಸುರಂಗದ ನಕ್ಷೆಯ ನಕಲೊಂದನ್ನೂ ಹೊರತೆಗೆದರು. 2001ರ ಫೆಬ್ರವರಿ 28ರಂದು ಮುಚ್ಚಿದ ನಮ್ಮ ಗಣಿಯ ಇಂಥ ಕಾಗದಗಳು ಇಲ್ಲಿನ ಇನ್ನೆಷ್ಟೋ ಮನೆಗಳ ಅಟ್ಟದಲ್ಲಿ ಇರಬಹುದು. ಗೆದ್ದಲು ಹತ್ತುವ ಮೊದಲೇ ಅವನ್ನು ಒಂದೆಡೆ ಕೂಡಿಸಿಡಲು ಜಿಲ್ಲೆಯ ಅನುಕೂಲಸ್ಥರು ಯಾರಾದರೂ ಮುಂದೆ ಬರಲಿ ಎಂಬುದು ನಮ್ಮಿಬ್ಬರ ಕೋರಿಕೆ.