ರಕ್ತದ ಮಾತ್ರೆ ಅಂತ ನಂಬಿಸಿದ್ದರು

ನಮ್ಮ ತೋಟದ ಲೈನ್ ಮನೆಯ ಹುಡುಗಿ, ಹತ್ತನೇ ಕ್ಲಾಸು. ಅಪ್ಪ ಅಮ್ಮ ಇಲ್ಲ, ಅಜ್ಜಿಯ ಜೊತೆ ಇದ್ದಾಳೆ. ಹುಟ್ಟಿನಿಂದಲೇ ಎಚ್‌ಐವಿ. ಅಜ್ಜಿಗೆ ಗೊತ್ತು, ನನಗೆ ಗೊತ್ತು, ಆಸ್ಪತ್ರೆಯವರಿಗೆ ಗೊತ್ತು, ಅವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ದಿನಾ ರಾತ್ರಿ ನುಂಗುವ ಮಾತ್ರೆ ರಕ್ತ ಜಾಸ್ತಿ ಆಗೋದಕ್ಕೆ ಅಂತ ಅಜ್ಜಿ ನಂಬಿಸಿದ್ದರು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ.)

ಕಾಫಿ ಕೊಯ್ಲಿನ ಸಮಯ, ಅಜ್ಜಿಗೆ ಮಂಡಿನೋವು, ಹಾಗಾಗಿ ನಾನೇ ಅವಳನ್ನು ಕರೆದುಕೊಂಡು ಎಚ್‌ಐವಿಗೆ ಔಷಧಿ ಕೊಡುವ ಮಡಿಕೇರಿಯ ಎ.ಆರ್.ಟಿ. ಕೇಂದ್ರಕ್ಕೆ ಹೋದೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ, ಸಾವಿರ ದಾಟಿತ್ತು. ಕೌನ್ಸೆಲರ್ ಮೇಡಂ ಬೈಯಲಿಲ್ಲ. "ಮಾತ್ರೆ ಬಿಟ್ಟಿದ್ದೀಯಾ ಅಮ್ಮಾ?" ಅಂತ ಕೇಳಿದರು.

"ಹೂಂ. ಸ್ಕೂಲಲ್ಲಿ ರಕ್ತ ಟೆಸ್ಟ್ ಮಾಡಿದ್ರು, ಚೆನ್ನಾಗಿದೆ ಅಂದ್ರು. ಮತ್ತೆ ಯಾಕೆ ನುಂಗ್ಬೇಕು?"

ಅವಳದ್ದೇನು ತಪ್ಪು ಹೇಳಿ? ದೊಡ್ಡವರು ಹೇಳಿದ ಕಾರಣವನ್ನೇ ನಂಬಿ, ಕಾರಣ ಮುಗಿಯಿತು ಅಂತ ಬಿಟ್ಟಿದ್ದಾಳೆ. 6ರಿಂದ 12 ವರ್ಷದೊಳಗೇ ಮಕ್ಕಳಿಗೆ ಇದನ್ನು ಹೇಳಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ. ನಮ್ಮ ಕಡೆ ಅದು ಹದಿನೈದು ಹದಿನಾರಾದರೂ ಬಾಯಿಗೆ ಬರುವುದಿಲ್ಲ.

ಮೇಡಂ ಅಜ್ಜಿಗೆ ಫೋನ್ ಮಾಡಿದರು. "ನೀವೇ ಹೇಳಿ ಮೇಡಂ, ನನ್ನ ಬಾಯಿಂದ ಆಗಲ್ಲ" ಅಂದರಂತೆ ಅಜ್ಜಿ. ಆಮೇಲೆ ಮೇಡಂ ನಿಧಾನಕ್ಕೆ ಎಲ್ಲ ಹೇಳಿದರು. ಹುಡುಗಿ ಅಳಲಿಲ್ಲ. ಮೊದಲು ಕೇಳಿದ್ದು, "ನನ್ನ ಫ್ರೆಂಡ್ ಬಾಟಲಿಯಲ್ಲಿ ನೀರು ಕುಡಿದಿದ್ದೆ, ಅವಳಿಗೂ ಬಂದಿರುತ್ತಾ?" ಎಂಜಲಿನಿಂದ ಬರಲ್ಲ, ಒಟ್ಟಿಗೆ ಉಂಡರೆ ಬರಲ್ಲ, ಸೊಳ್ಳೆಯಿಂದಲೂ ಬರಲ್ಲ ಅಂದಾಗ ಉಸಿರು ಬಿಟ್ಟಳು. ಆಮೇಲೆ, "ನಮ್ಮಮ್ಮ ಇದರಿಂದಲೇ ಸತ್ತಿದ್ದಾ?"

ಹೌದು. ಬಸುರಿಯಲ್ಲಿ ಪರೀಕ್ಷೆ ಆಗಿ ಔಷಧಿ ಶುರುವಾಗಿದ್ದರೆ ಮಗುವಿಗೆ ಬರದ ಹಾಗೆ ಬಹುಪಾಲು ತಡೆಯಬಹುದಿತ್ತು. ತೋಟದಿಂದ ತೋಟಕ್ಕೆ ಕೆಲಸ ಹುಡುಕಿಕೊಂಡು ಹೋಗುತ್ತಿದ್ದ ಆ ಹೆಂಗಸಿಗೆ ತಾಯಿ ಕಾರ್ಡೇ ಆಗಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮದುವೆ, ಮಕ್ಕಳು? ಅದನ್ನೂ ಕೇಳಿದಳು, ತಲೆ ತಗ್ಗಿಸಿಕೊಂಡು. ದಿನಾ ಮಾತ್ರೆ ತಗೊಂಡು ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಕಡಿಮೆಯಾಗಿ, ಹಾಗೇ ಉಳಿದರೆ ಗಂಡನಿಗೆ ಸೇರುವುದಿಲ್ಲ, ಎಚ್‌ಐವಿ ಇಲ್ಲದ ಮಗುವನ್ನೂ ಹೆರಬಹುದು ಅಂದರು ಮೇಡಂ. ಆಗ ಸ್ವಲ್ಪ ನೇರ ಕೂತಳು.

ಅವಳ ಈಗಿನ ಚಿಂತೆ ಹಾಸ್ಟೆಲ್. ಪಿಯುಸಿಗೆ ಹೋಗಬೇಕು, ಒಂದೇ ರೂಮಲ್ಲಿ ಅಷ್ಟು ಹುಡುಗಿಯರು, ಮಾತ್ರೆ ಡಬ್ಬಿ ಎಲ್ಲಿಡೋದು? ಎಚ್‌ಐವಿ ಇದೆ ಅಂತ ಸೀಟು ಕೊಡದೆ ಇರುವ ಹಾಗಿಲ್ಲ, ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವ ಹಾಗಿಲ್ಲ ಅಂತ 2017ರ ಕಾಯ್ದೆ ಇದೆ. ಆದರೂ ಟ್ರಂಕಿಗೆ ಕೈ ಹಾಕುವ ಗೆಳತಿಯನ್ನು ಕಾಯ್ದೆ ತಡೆಯುತ್ತಾ? ಹಾಸ್ಟೆಲ್‌ಗಳಲ್ಲಿ ಪ್ರತಿ ಹುಡುಗಿಗೂ ಬೀಗ ಇರುವ ಕಪಾಟು ಕೊಡಲಿ, ಅಷ್ಟಾದರೂ ಮಾಡಲಿ.

ಮಾತ್ರೆ ಮತ್ತೆ ಶುರುವಾಗಿದೆ, ರಾತ್ರಿ ಊಟ ಆದ ಮೇಲೆ. ಮೂರು ತಿಂಗಳ ನಂತರ ಮತ್ತೆ ವೈರಲ್ ಲೋಡ್ ನೋಡುತ್ತಾರೆ. "ಈ ಸಲ ರಿಪೋರ್ಟ್ ಮೊದಲು ನನಗೇ ಹೇಳಿ, ಆಮೇಲೆ ಅಜ್ಜಿಗೆ" ಅಂತ ಅವಳೇ ಮೇಡಂಗೆ ಹೇಳಿ ಬಂದಿದ್ದಾಳೆ.